ಗ್ಯಾಸ್ ಎಷ್ಟು ದಿನ ಬಂತು

ನಮ್ಮ ಯಜಮಾನರು ಮೂರು ಕೊಟೇಶನ್ ನೋಡದೆ ಯಾವ ಸಾಮಾನನ್ನೂ ಕೊಂಡವರಲ್ಲ. ಮಸ್ಕತ್ತಿನ ಒಂದು ಕಟ್ಟಡ ಕಂಪನಿಯ ಎಸ್ಟಿಮೇಶನ್ ವಿಭಾಗದಲ್ಲಿ ಅವರ ಕೆಲಸ. ಸಿಮೆಂಟಾಗಲಿ ಟೈಲ್ಸಾಗಲಿ, ಮೂರು ಕಡೆಯ ದರವನ್ನು ಪಕ್ಕಪಕ್ಕ ಬರೆದು, ಕೆಳಗೆ ಗೆರೆ ಎಳೆದ ಮೇಲೇ ಆರ್ಡರ್. ಮನೆಗೆ ಬಂದರೂ ಆ ಗೆರೆ ಅವರ ಕೈ ಬಿಡುತ್ತಿರಲಿಲ್ಲ. ಅಕ್ಕಿಗೆ, ಮಗಳ ಸ್ಕೂಲ್ ವ್ಯಾನಿಗೆ, ಊರಿಗೆ ಫೋನ್ ಮಾಡುವ ಕಾರ್ಡಿಗೆ, ಎಲ್ಲಕ್ಕೂ ಒಂದೊಂದು ಹಾಳೆ. ಹಾಗಂತ ಜಿಪುಣರಲ್ಲ. ಕೇಳಿದ್ದಕ್ಕೆ ಇಲ್ಲ ಅಂದದ್ದು ನನಗೆ ನೆನಪಿಲ್ಲ. ಆದರೆ ಕೇಳಿದಾಗ "ಯಾಕೆ?" ಅಂತ ಒಂದು ಪ್ರಶ್ನೆ ಬರುತ್ತಿತ್ತು. ಸಿಟ್ಟಿಲ್ಲದೆ, ಮೆತ್ತಗೆ, ಹಾಳೆಯಲ್ಲಿ ಕಾರಣದ ಜಾಗ ಖಾಲಿ ಉಳಿಯಬಾರದು ಅನ್ನುವ ಹಾಗೆ.

ಮದುವೆಗೆ ಮೊದಲು ನಾನು ಮೈಸೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾಲ್ಕು ವರ್ಷ ಕ್ಲರ್ಕ್ ಆಗಿದ್ದೆ. ತಿಂಗಳ ಸಂಬಳದಲ್ಲಿ ಮನೆಗೆ ಕೊಟ್ಟು ಉಳಿದದ್ದನ್ನು ಏನು ಮಾಡಿದೆ ಅಂತ ಯಾರೂ ಕೇಳುತ್ತಿರಲಿಲ್ಲ. ಒಮಾನಿಗೆ ಬಂದ ಮೇಲೆ ನನ್ನದು ಫ್ಯಾಮಿಲಿ ವೀಸಾ. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಅಲ್ ಹೈಲ್‌ನಲ್ಲಿ ಆರು ಮನೆಗಳ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಾವಿದ್ದೆವು. ಬೆಳಿಗ್ಗೆ ಏಳಕ್ಕೆ ಇಬ್ಬರೂ ಹೊರಟರೆ ಮಗಳು ಬರುವುದು ಎರಡಕ್ಕೆ, ಅವರು ಬರುವುದು ಆರಕ್ಕೆ. ನಡುವಿನ ಹೊತ್ತು ಎ.ಸಿ. ಸದ್ದಿನಲ್ಲಿ ಕಳೆಯುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು, ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿ ಊಟಕ್ಕೆ ನಾನು ಬೇಳೆ ಸಾರು ಮಾಡಿಕೊಂಡು ಹೋಗಿದ್ದೆ. ನಮ್ಮ ಹಿಂದಿನ ಬೀದಿಯ ವಿಲ್ಲಾದಲ್ಲಿ ಕೆಲವರು ಬ್ಯಾಚುಲರ್‌ಗಳು ಒಟ್ಟಿಗಿದ್ದರು. ಅವರಲ್ಲೊಬ್ಬರು, ಹಾಸನದ ಕಡೆಯ ಡ್ರಾಫ್ಟ್ಸ್‌ಮನ್, ಮೂರು ಸಲ ಸಾರು ಹಾಕಿಸಿಕೊಂಡರು. ಹೋಗುವಾಗ, "ಮೇಡಂ, ದಿನಾ ಮಧ್ಯಾಹ್ನಕ್ಕೆ ಇಬ್ಬರಿಗೆ ಊಟ ಮಾಡಿಕೊಡೋಕಾಗುತ್ತಾ? ದುಡ್ಡು ಕೊಡ್ತೀವಿ" ಅಂದರು. ನಾನು ನಕ್ಕು ಖಾಲಿ ಪಾತ್ರೆ ಎತ್ತಿಕೊಂಡೆ. ಮನೆಗೆ ಬರುವಾಗ ಕಾರಿನಲ್ಲಿ, ಯಾರೋ ಗೊತ್ತಿದ್ದ ಮನೆಯವರು ಹೀಗೆ ಅಡುಗೆ ಮಾಡಿ ಮಾರುವ ಮಾತು ಬಂತು. ಯಜಮಾನರು, "ಇಷ್ಟು ದೂರ ಬಂದು ಹೆಂಡತಿ ಕೈಲಿ ಮೆಸ್ ನಡೆಸಬೇಕಾ?" ಅಂದರು. ಅಷ್ಟೇ ಅಂದದ್ದು. ಆದರೆ ಆ ಮಾತಿನಿಂದ ನನಗೆ ಎರಡು ವಿಷಯ ಖಚಿತವಾಯಿತು. ಇವರನ್ನು ಕೇಳಿದರೆ ಬೇಡ ಅನ್ನುತ್ತಾರೆ. ಕೇಳದಿದ್ದರೆ ಗೊತ್ತಾಗುವುದಿಲ್ಲ.

ಮುಂದಿನ ವಾರ ಶುರು ಮಾಡಿದೆ. ಇಬ್ಬರು ಇದ್ದವರು ನಾಲ್ವರಾದರು, ಆಮೇಲೆ ಎಂಟು. ಬೆಳಿಗ್ಗೆ ಇವರ ಕಾರು ತಿರುವು ದಾಟಿದ್ದು ನೋಡಿ ಮೇಲಿನ ಕಪಾಟಿನಿಂದ ದೊಡ್ಡ ಕುಕ್ಕರ್ ಇಳಿಸುತ್ತಿದ್ದೆ. ಅನ್ನ, ಹುಳಿ, ಪಲ್ಯ, ತಲೆಗೆ ಮೂರು ಚಪಾತಿ. ಹನ್ನೊಂದೂವರೆಗೆ ಆ ಹಾಸನದವರು ಆಫೀಸಿನ ಗಾಡಿಯಲ್ಲಿ ಬಂದು ಕ್ಯಾರಿಯರ್‌ಗಳನ್ನು ತೆಗೆದುಕೊಂಡು ಹೋಗುತ್ತಿದ್ದರು, ಹಿಂದಿನ ದಿನದವನ್ನು ಬಾಗಿಲಲ್ಲಿಟ್ಟು. ಮಗಳು ಬರುವ ಹೊತ್ತಿಗೆ ಅಡುಗೆಮನೆ ತೊಳೆದು, ಎಕ್ಸಾಸ್ಟ್ ಫ್ಯಾನ್ ಓಡಿ, ಏನೂ ನಡೆಯದ ಹಾಗಿರುತ್ತಿತ್ತು. ಬಂದ ರಿಯಾಲ್‌ಗಳನ್ನು ಬೀರುವಿನಲ್ಲಿ, ಗಂಡಸರು ಕೈ ಹಾಕದ ಪ್ಯಾಕೆಟ್ಟಿನೊಳಗೆ ಇಡುತ್ತಿದ್ದೆ. ಊರಲ್ಲಿ ಯಾರಿಗೂ ಕಷ್ಟವಿರಲಿಲ್ಲ. ತಂಗಿಯ ಮದುವೆ ಆಗಿತ್ತು, ಅಮ್ಮ ಚೆನ್ನಾಗಿದ್ದರು. ಇಂಥದ್ದಕ್ಕೆ ಬೇಕಿತ್ತು ಅಂತ ಹೇಳಿಕೊಳ್ಳಲು ನನಗೆ ಕಾರಣವೇ ಇಲ್ಲ. "ಯಾಕೆ" ಅಂತ ಯಾರೂ ಕೇಳದ ದುಡ್ಡು ಒಂದಷ್ಟು ಇರಲಿ ಅನಿಸಿತ್ತು, ಅಷ್ಟೇ.

ಎಂಟು ಜನಕ್ಕೆ ಬೇಯಿಸಿದರೆ ಗ್ಯಾಸ್ ಹೆಚ್ಚು ಖರ್ಚಾಗುತ್ತದೆ ಅನ್ನುವುದು ನನಗೆ ಹೊಳೆಯಲಿಲ್ಲವೆ ಅಂದರೆ, ಹೊಳೆದಿತ್ತು. ಅಕ್ಕಿ ಬೇಳೆ ತರಕಾರಿಯನ್ನು ಬೇರೆಯಾಗಿ ನನ್ನ ದುಡ್ಡಲ್ಲೇ ತರಿಸುತ್ತಿದ್ದೆ. ಗ್ಯಾಸ್ ಮಾತ್ರ ನಲ್ಲಿಯ ನೀರಿನ ಹಾಗೆ, ಮನೆಯದು. ಒಂದು ಸಿಲಿಂಡರನ್ನಾದರೂ ಸಂಪಾದನೆಯಿಂದ ಕೊಳ್ಳಬಹುದಿತ್ತು. ಬ್ಯಾಂಕಿನಲ್ಲಿ ಕೂತು ಬೇರೆಯವರ ಲೆಕ್ಕ ತಪ್ಪು ಅಂತ ಕೆಂಪು ಶಾಯಿಯಲ್ಲಿ ಗುರುತು ಹಾಕಿದವಳು ನಾನು. ನನ್ನ ಲೆಕ್ಕಕ್ಕೆ ಆ ಶಾಯಿ ತೆಗೆಯಲಿಲ್ಲ.

ಗ್ಯಾಸ್ ತರುತ್ತಿದ್ದವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಒಮಾನಿಯೇ, ಬಲೂಚಿ ಮನೆತನದವರು. ಹಿಂದಿ ನನಗಿಂತ ಸಲೀಸಾಗಿ ಮಾತಾಡುತ್ತಿದ್ದರು. ಅರವತ್ತರ ಆಸುಪಾಸು. ಸ್ವಂತ ಪಿಕಪ್ ಗಾಡಿ. ವಾರಕ್ಕೆರಡು ದಿನ ನಮ್ಮ ಬೀದಿಗೆ ಬಂದು ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಹಾರ್ನ್ ಹೊಡೆಯುವರು. ಬೇಕಾದವರು ಬಾಲ್ಕನಿಯಿಂದ ಕೈ ಬೀಸುವುದು. ಲಿಫ್ಟ್ ಇಲ್ಲದ ಕಟ್ಟಡ. ತುಂಬಿದ ಸಿಲಿಂಡರನ್ನು ಹೆಗಲ ಮೇಲಿಟ್ಟು ಎರಡು ಮಹಡಿ ಹತ್ತಿ, ಬಾಗಿಲ ಹೊರಗೆ ಉಸಿರು ಸರಿಮಾಡಿಕೊಂಡು, "ಬೇಟಿ, ಒಳಗೆ ಬರಲಾ?" ಅಂತ ಕೇಳಿ, ನಾನು ಹೂಂ ಅಂದ ಮೇಲೇ ಚಪ್ಪಲಿ ಬಿಟ್ಟು ಒಳಗೆ ಬರುವರು. ರೆಗ್ಯುಲೇಟರ್ ಕೂರಿಸಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಅಂತ ನೋಡಿ, ಒಲೆ ಹಚ್ಚಿ ತೋರಿಸಿದ ಮೇಲೆ ದುಡ್ಡು ಇಸಿದುಕೊಳ್ಳುವರು. ನೀರು ಕೊಟ್ಟರೆ ಬಾಗಿಲ ಹೊರಗೆ ಹೋಗಿ ಕುಡಿಯುವರು.

ಸಿಲಿಂಡರ್ ಬದಲಾಯಿಸಿದ ದಿನ ಯಜಮಾನರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕುತ್ತಿದ್ದರು. ವರ್ಷಗಳ ಅಭ್ಯಾಸ. ಒಂದು ದಿನ ಸಂಜೆ ಕಾಫಿ ಹಿಡಿದು ಕ್ಯಾಲೆಂಡರಿನ ಹಾಳೆ ಹಿಂದೆ ಮುಂದೆ ತಿರುವುತ್ತಾ ನಿಂತರು.

"ನಲವತ್ತು ದಿನಕ್ಕೆ ಕಡಿಮೆ ಇಲ್ಲದ ಹಾಗೆ ಬರ್ತಿತ್ತು," ಅಂದರು. "ಈಗ ಹಿಂದಿನ ಮೂರು ಸಿಲಿಂಡರೂ ಒಂದೊಂದು ತಿಂಗಳು ಕೂಡ ಬಂದಿಲ್ಲ. ನೀನೇನಾದ್ರೂ ಅಡುಗೆ ಜಾಸ್ತಿ ಮಾಡ್ತಿದೀಯಾ?"

ನಾನು ಹಸಿಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದೆ. "ಇಲ್ಲವಲ್ಲ. ಯಾವಾಗಿನ ಹಾಗೇ," ಅಂದೆ.

ಎಷ್ಟು ಸುಲಭವಾಗಿ ಬಂತು ಆ ಮಾತು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ. ತಡವರಿಸಿದ್ದರೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ನಾನು ತಡವರಿಸಲಿಲ್ಲ.

ಆ ವಾರದ ರಜೆಯಲ್ಲಿ ಅವರು ಹಾಳೆ ತೆಗೆದರು. ಮೊದಲು ಕರೆಂಟಿನ ಒಲೆಗೆ ಬದಲಾಗಿಬಿಟ್ಟರೆ ಹೇಗೆ ಅಂತ ಯೋಚಿಸಿದರು. ಯಾರಿಂದಲೋ ಕಾಯಿಲ್ ಒಲೆಯೊಂದನ್ನು ಕಡ ತಂದು, ಅಷ್ಟೇ ನೀರನ್ನು ಒಮ್ಮೆ ಅದರ ಮೇಲೆ, ಒಮ್ಮೆ ಗ್ಯಾಸಿನ ಮೇಲೆ ಕುದಿಸಿ, ಕೆಳಗೆ ಹೋಗಿ ಮೀಟರ್ ನೋಡಿ ಬಂದರು. ಕರೆಂಟು ಕೊಡುವುದು ಒಂದೇ ಕಂಪನಿ, ಅಲ್ಲಿ ಆಯ್ಕೆ ಇಲ್ಲ. ಬಳಸಿದಷ್ಟೂ ಮೇಲಿನ ಮೆಟ್ಟಿಲಿನ ದರ ಬೀಳುತ್ತದೆ. ಬೇಸಿಗೆಯಲ್ಲಿ ಎ.ಸಿ.ಯೇ ಆ ಮೆಟ್ಟಿಲೆಲ್ಲ ಹತ್ತಿ ಕೂತಿರುವಾಗ ಒಲೆಯನ್ನೂ ಅದಕ್ಕೆ ಸೇರಿಸುವುದು ಬೇಡ ಅಂತ ತೀರ್ಮಾನವಾಯಿತು. ಉಳಿದದ್ದು ಗ್ಯಾಸ್. ಅದರಲ್ಲಿ ಆಯ್ಕೆ ಇತ್ತು. ಒಂದು ಕಾಲಂನಲ್ಲಿ ಚಾಚಾ. ಇನ್ನೊಂದರಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿ. ಅಲ್ಲಿ ಅಗ್ಗ, ಆದರೆ ಖಾಲಿ ಸಿಲಿಂಡರನ್ನು ನಾವೇ ಕಾರಿನಲ್ಲಿ ಒಯ್ಯಬೇಕು. ಮೂರನೆಯದು ಹೊಸದಾಗಿ ಶುರುವಾಗಿದ್ದ ಒಂದು ಏಜೆನ್ಸಿ. ಫೋನ್ ಮಾಡಿದರೆ ಮನೆಗೆ ತರುತ್ತಾರೆ, ಮೂತಿಗೆ ಪ್ಲಾಸ್ಟಿಕ್ ಸೀಲು, ಅಚ್ಚು ಹಾಕಿದ ದರದ ಚೀಟಿ. ಸಿಲಿಂಡರಿನ ಬೆಲೆಯಲ್ಲಿ ಚಾಚಾಗೂ ಏಜೆನ್ಸಿಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಯಜಮಾನರು ಬೆಲೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ದಿನಕ್ಕೆ ಬೀಳುವ ಖರ್ಚು. ಚಾಚಾನ ಕಾಲಂನಲ್ಲಿ ಇಪ್ಪತ್ತೇಳು ದಿನ, ಉಳಿದೆರಡರಲ್ಲಿ ನಲವತ್ತು ದಿನ ಅಂತ ಬರೆದು ಭಾಗಿಸಿದಾಗ ಅವರ ಗ್ಯಾಸ್ ಎಲ್ಲಕ್ಕಿಂತ ದುಬಾರಿಯಾಯಿತು.

"ನೋಡು, ಬೆಲೆ ನೋಡಿದ್ರೆ ಗೊತ್ತಾಗಲ್ಲ. ತುಂಬೋದೇ ಕಡಿಮೆ ತುಂಬಿಸ್ತಿದಾರೆ," ಅಂದರು.

"ಪಾಪ, ಅವರು ಹಾಗೆ ಮಾಡೋರಲ್ಲ," ಅಂದೆ.

"ಮತ್ತೆ ಗ್ಯಾಸ್ ಎಲ್ಲಿ ಹೋಗುತ್ತೆ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹೇಳಲಿಲ್ಲ.

ಅವರು ಆ ಹಾಳೆಯನ್ನು ಕೆಳಗಿನ ಮನೆಯಲ್ಲಿ ನಾನು ಅಕ್ಕ ಅನ್ನುತ್ತಿದ್ದವರ ಯಜಮಾನರಿಗೆ ತೋರಿಸಿದರು. ಉಡುಪಿ ಕಡೆಯ ತುಳು ಮಾತಾಡುವ ಮನೆಯವರು ಅವರು, ಮೊದಲ ಮಹಡಿಯಲ್ಲಿದ್ದರು. ಅವರಿಂದ ಉಳಿದ ನಾಲ್ಕು ಮನೆಗಳಿಗೂ ಹಾಳೆ ಹೋಯಿತು. ತಮ್ಮ ಮನೆಯ ಗ್ಯಾಸ್ ಎಷ್ಟು ದಿನ ಬರುತ್ತಿದೆ ಅಂತ ಯಾರೂ ಎಣಿಸಿದವರಲ್ಲ. ಹಾಳೆ ನೋಡಿದ ಮೇಲೆ ಎಲ್ಲರಿಗೂ, ಹೌದು, ಇತ್ತೀಚೆಗೆ ಬೇಗ ಮುಗಿಯುತ್ತಿದೆ ಅನಿಸತೊಡಗಿತು.

ಗುರುವಾರ ಇವರಿಗೆ ಅರ್ಧ ದಿನ ಕೆಲಸ. ಆ ದಿನ ಸಂಜೆಯ ಕಡೆಗೆ ಹಾರ್ನ್ ಕೇಳಿಸಿದಾಗ ಯಜಮಾನರೇ ಬಾಲ್ಕನಿಗೆ ಹೋಗಿ ಕೈ ಬೀಸಿದರು. ಚಾಚಾ ಸಿಲಿಂಡರ್ ಹೊತ್ತು ಬರುವಷ್ಟರಲ್ಲಿ ಇವರು ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಚಪ್ಪಟೆ ತಕ್ಕಡಿಯನ್ನು ಬಾಗಿಲ ಹೊರಗಿಟ್ಟಿದ್ದರು. ಕೆಳಗಿನ ಅಕ್ಕ, ಅವರ ಯಜಮಾನರು, ಎದುರು ಮನೆಯ ಕೇರಳದವರು ಮೆಟ್ಟಿಲ ಹತ್ತಿರ ನಿಂತಿದ್ದರು. ಇದೇನು ಅಂತ ಚಾಚಾಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಗಲಿಂದ ಇಳಿಸಿ ತಾವೇ ತಕ್ಕಡಿಯ ಮೇಲೆ ನಿಲ್ಲಿಸಿದರು. ಯಜಮಾನರು ಬಗ್ಗಿ ಸಿಲಿಂಡರಿನ ಕೊರಳಪಟ್ಟಿಯಲ್ಲಿ ಕೊರೆದಿದ್ದ ಖಾಲಿ ತೂಕ ಓದಿದರು, ಕಳೆದರು, ಇನ್ನೊಮ್ಮೆ ಕಳೆದರು. ತೂಕ ಸರಿಯಿತ್ತು.

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ.

"ಇವತ್ತು ಸರಿ ಇದೆ," ಅಂದರು ಯಜಮಾನರು ಹಿಂದಿಯಲ್ಲಿ. "ಹಿಂದಿನವು ಸರಿ ಇದ್ದವು ಅಂತ ಹೇಗೆ ನಂಬೋದು?"

ಚಾಚಾ ತಕ್ಕಡಿಯಿಂದ ಸಿಲಿಂಡರ್ ಇಳಿಸಿ ನಿಲ್ಲಿಸಿದರು. "ಸಾಬ್, ಉರಿದು ಹೋದ ಗ್ಯಾಸನ್ನು ಈಗ ಎಲ್ಲಿಂದ ತಂದು ತೂಗಲಿ?"

"ಲೆಕ್ಕ ನನ್ನ ಹತ್ತಿರ ಇದೆ. ತಾರೀಖು ಸಮೇತ."

"ಹತ್ತು ವರ್ಷದಿಂದ ಈ ಬೀದಿಗೆ ಬರ್ತಿದೀನಿ."

"ಅದಕ್ಕೇ ಯಾರೂ ನೋಡಿಲ್ಲ."

ಆಗ ಚಾಚಾ ನನ್ನ ಕಡೆ ತಿರುಗಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. "ಅಡುಗೆ ಮಾಡೋಳು ನೀನು, ಬೇಟಿ. ನೀನು ಹೇಳು. ನಾನು ತಂದ ಗ್ಯಾಸ್ ಕಡಿಮೆ ಇತ್ತಾ?"

ಎಲ್ಲರೂ ನನ್ನನ್ನು ನೋಡಿದರು. ನನ್ನ ಬೆನ್ನ ಹಿಂದೆ, ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನಲ್ಲಿ ಎಂಟು ಕ್ಯಾರಿಯರ್‌ಗಳಿದ್ದವು. "ಇತ್ತೀಚೆಗೆ ಬೇಗ ಮುಗೀತಿತ್ತು," ಅಂದೆ.

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟು ನೋಡಿಕೊಂಡೇ ಆಡಿದ್ದೆ. ಸುಳ್ಳು ಹೇಳಿದ್ದಕ್ಕಿಂತ ಅದು ಕೀಳಾಗಿತ್ತು ಅಂತ ಅರ್ಥವಾಗಲು ದಿನಗಳು ಬೇಕಾದವು.

ಚಾಚಾ "ಖಲಾಸ್," ಅಂದರು. ತುಂಬಿದ ಸಿಲಿಂಡರನ್ನು ಮತ್ತೆ ಹೆಗಲಿಗೇರಿಸಿ ಕೆಳಗಿಳಿದರು. ಅಕ್ಕ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಎರಡು ಮಹಡಿಯ ಮೆಟ್ಟಿಲೂ ಅವರ ಚಪ್ಪಲಿಯ ಸದ್ದು ಒಂದೇ ಸಮನಾಗಿ ಕೇಳಿಸಿತು. ನಾನು ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಆ ವಾರವೇ ಆರು ಮನೆಗಳೂ ಏಜೆನ್ಸಿಗೆ ಬದಲಾದವು. ಹೊಸ ಸಿಲಿಂಡರ್ ಬಂದ ದಿನ ಕ್ಯಾಲೆಂಡರಿನಲ್ಲಿ ಸುತ್ತು ಬಿತ್ತು. ನನಗೆ ಹೆದರಿಕೆ ಹತ್ತಿತು. ಇದೂ ಇಪ್ಪತ್ತೇಳು ದಿನಕ್ಕೆ ಮುಗಿದರೆ ಮುಂದಿನ ಪ್ರಶ್ನೆ ನನಗೇ. ಶನಿವಾರ ಹಾಸನದವರು ಬಂದಾಗ, "ನಾಳೆಯಿಂದ ಆಗಲ್ಲ. ಮಗಳ ಪರೀಕ್ಷೆ ಇದೆ," ಅಂದೆ. ಅವರು ಬೇಜಾರಿನಿಂದ, "ಒಂದು ವಾರ ಮೊದಲೇ ಹೇಳಿದ್ರೆ ಬೇರೆ ಕಡೆ ನೋಡ್ಕೋತಿದ್ವಿ ಮೇಡಂ," ಅಂದರು. ಸರಿಯಾದ ಮಾತೇ. ಕ್ಷಮಿಸಿ ಅಂದೆ. ಒಂದೊಂದು ಮಾತು ಎಷ್ಟು ಸಲೀಸಾಗಿ ಬರುತ್ತದೆ, ಬರಬೇಕಾದದ್ದು ಬರುವುದಿಲ್ಲ.

ಊಟ ನಿಲ್ಲಿಸಿದ ಮೇಲೆ ಸ್ವಲ್ಪ ನಿರಾಳವಾಯಿತು. ತಪ್ಪು ನಿಂತಿತಲ್ಲ ಅಂದುಕೊಂಡೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಕ್ಯಾಲೆಂಡರಿನ ಮುಂದೆ ನಿಂತಿರುವಾಗ, ನಾನು ಮಾಡಿದ್ದೇನು ಅಂತ ತಿಳಿಯಿತು. ಈಗ ಈ ಸಿಲಿಂಡರ್ ನಲವತ್ತು ದಿನ ಬರುತ್ತದೆ. ನಲವತ್ತು ತುಂಬಿದ ದಿನ ಚಾಚಾ ಕಳ್ಳ ಅಂತ ಖಾತ್ರಿಯಾಗುತ್ತದೆ.

ಆ ಹೊತ್ತಿನಲ್ಲಿ ನಾನು ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಎರಡೂ ಒಲೆ ಹಚ್ಚಿ, ಮೇಲೆ ಏನೂ ಇಡದೆ, ದೊಡ್ಡ ಉರಿ ಮಾಡಿ ನಿಂತೆ. ದಿನಾ ಹೀಗೆ ಮೂರು ಗಂಟೆ ಉರಿಸಿದರೆ ಇದೂ ಒಂದು ತಿಂಗಳೊಳಗೆ ಮುಗಿಯುತ್ತದೆ, ಚಾಚಾನ ಮೇಲಿನ ಅಪವಾದ ತಾನಾಗಿ ಹೋಗುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ಅಡುಗೆಮನೆ ಕಾದು ಬೆವರು ಇಳಿಯಿತು. ನೀಲಿ ಉರಿ ನೋಡುತ್ತಾ ಹತ್ತು ನಿಮಿಷ ನಿಂತಿರಬೇಕು. ಆಮೇಲೆ ಯೋಚನೆ ಬಂತು: ಹಾಗಾದರೆ ಇವರು ಮತ್ತೆ ಹಾಳೆ ತೆಗೆಯುತ್ತಾರೆ, ಈ ಸಲ ಅಡುಗೆಮನೆಯಲ್ಲೇ ನಿಂತು ನೋಡುತ್ತಾರೆ. ಒಲೆ ಆರಿಸಿದೆ. ಚಾಚಾಗೋಸ್ಕರ ಹಚ್ಚಿದ ಒಲೆಯನ್ನು ನನಗೋಸ್ಕರ ಆರಿಸಿದೆ.

ಸಿಲಿಂಡರ್ ನಲವತ್ತಮೂರು ದಿನ ಬಂತು. ಯಜಮಾನರು ಸುತ್ತು ಹಾಕಿ, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಅದನ್ನು ಹಿಡಿದುಕೊಂಡೇ ಮೊದಲ ಮಹಡಿಗೆ ಇಳಿದರು. ಅವರಿಗೆ ಮೋಸ ಮಾಡುವ ಉದ್ದೇಶ ಕಿಂಚಿತ್ತೂ ಇರಲಿಲ್ಲ. ಕಣ್ಣ ಮುಂದಿನ ಅಂಕಿ ಏನು ಹೇಳಿತೋ ಅದನ್ನು ನಂಬಿದರು. ಅಂಕಿಯನ್ನು ತಿದ್ದಿದವಳು ನಾನು.

ಆಮೇಲೆ ನಮ್ಮ ಬೀದಿಯಲ್ಲಿ ಆ ಹಾರ್ನ್ ಕೇಳಿಸುವುದೇ ಅಪರೂಪವಾಯಿತು. ಕೇಳಿಸಿದರೂ ನಮ್ಮ ಕಟ್ಟಡದ ಮುಂದೆ ಗಾಡಿ ನಿಲ್ಲುತ್ತಿರಲಿಲ್ಲ. ಅವರು ದಾಟುವಾಗ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರೆ ಬಗ್ಗಿ ಬಕೆಟ್ಟಿನಲ್ಲಿ ಏನೋ ಹುಡುಕುವವಳ ಹಾಗೆ ಕೂತುಬಿಡುತ್ತಿದ್ದೆ.

ಚಳಿಗಾಲ ಶುರುವಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಹೋಗಿದ್ದೆವು. ಯಜಮಾನರು ಮಗಳನ್ನು ಕರೆದುಕೊಂಡು ಈರುಳ್ಳಿ ಮೂಟೆ ನೋಡಲು ಆ ಕಡೆ ಹೋದರು. ಈ ಕಡೆ ಟೊಮೆಟೊ ಪೆಟ್ಟಿಗೆಗಳ ಮುಂದೆ ಚಾಚಾ ನಿಂತಿದ್ದರು. ಒಗೆದ ಬಿಳಿ ದಿಶ್‌ದಾಶಾ ನಿಲುವಂಗಿ, ತಲೆಗೆ ಟೋಪಿ. ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ, "ಮಗಳು ಚೆನ್ನಾಗಿ ಓದ್ತಾಳಾ?" ಅಂತ ಕೇಳಿದರು. ಅವರು ಮುಖ ತಿರುಗಿಸಿದ್ದರೆ ನಾನು ಏನೂ ಹೇಳುತ್ತಿರಲಿಲ್ಲವೇನೋ.

"ಚಾಚಾ, ನಿಮ್ಮ ಗ್ಯಾಸ್ ಕಡಿಮೆ ಇರಲಿಲ್ಲ," ಅಂದೆ. "ನಾನು ಎಂಟು ಜನಕ್ಕೆ ಊಟ ಮಾಡಿ ಕಳಿಸ್ತಿದ್ದೆ. ಮನೆಯವರಿಗೆ ಗೊತ್ತಿರಲಿಲ್ಲ."

ಅವರು ಕೈಯಲ್ಲಿದ್ದ ಟೊಮೆಟೊವನ್ನು ಪೆಟ್ಟಿಗೆಗೆ ಹಾಕಿದರು. "ಗೊತ್ತು. ಸಿಲಿಂಡರ್ ಕೂರಿಸೋಕೆ ನಿಮ್ಮ ಅಡುಗೆಮನೆಗೆ ಬರ್ತಿದ್ದೆನಲ್ಲ. ಪಾತ್ರೆ ನೋಡಿದ್ದೆ, ಡಬ್ಬಿ ನೋಡಿದ್ದೆ."

"ಮತ್ತೆ ಆವತ್ತು ಯಾಕೆ ಹೇಳಲಿಲ್ಲ?" ಅಂದೆ.

"ನಿನ್ನ ಮನೆ ವಿಷಯ ನಾನು ಯಾಕೆ ಹೇಳಲಿ? ನೀನು ಹೇಳ್ತೀಯ ಅಂದ್ಕೊಂಡೆ. ಅದಕ್ಕೇ ನಿನ್ನನ್ನ ಕೇಳಿದ್ದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗಂತ ಪರವಾಗಿಲ್ಲ ಬಿಡು ಅನ್ನುವ ಸಮಾಧಾನವೂ ಇರಲಿಲ್ಲ. ನಮ್ಮ ಕಟ್ಟಡದವರು ಬಿಟ್ಟ ಮೇಲೆ ಪಕ್ಕದ ಎರಡು ಕಟ್ಟಡದವರೂ ಕೈಬಿಟ್ಟರಂತೆ. ಈಗ ಸೀಬ್ ಊರೊಳಗೆ ಹೆಚ್ಚು ಹೋಗುತ್ತೇನೆ ಅಂದರು. ನಾನು ತಪ್ಪಾಯಿತು ಅಂದೆ. ಎರಡು ಸಲ ಅಂದೆ.

"ನನಗೆ ಹೇಳಿ ಏನು ಪ್ರಯೋಜನ, ಬೇಟಿ? ನನಗೆ ಗೊತ್ತಿರೋ ವಿಷಯ. ಗೊತ್ತಿಲ್ಲದವರಿಗೆ ಹೇಳು," ಅಂದರು. ಟೊಮೆಟೊ ಪೆಟ್ಟಿಗೆ ಎತ್ತಿಕೊಂಡು ಹೊರಟರು.

ಯಜಮಾನರಿಗೆ ಹೇಳಲು ಇನ್ನೂ ಒಂದು ವಾರ ತೆಗೆದುಕೊಂಡೆ. ಮುಂದಿನ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ, ಅವರು ಪೇಪರ್ ಹಿಡಿದು ಕೂತಿದ್ದಾಗ, ತಟ್ಟೆ ತೆಗೆಯದೆ ಅಲ್ಲೇ ಕೂತು ಎಲ್ಲ ಹೇಳಿದೆ. ಅವರು ಪೇಪರ್ ಮಡಿಚಿದರು.

"ಎಷ್ಟು ಜನ?"

"ಎಂಟು."

"ಎಷ್ಟು ತಿಂಗಳು?"

"ಐದು."

ಕ್ಯಾಲೆಂಡರಿನ ಕಡೆ ನೋಡಿದರು. ಮನಸ್ಸಿನಲ್ಲೇ ಭಾಗಿಸುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಲೆಕ್ಕ ಸರಿಹೋದದ್ದು ಅವರ ಮುಖದಲ್ಲಿ ಕಂಡಿತು.

"ನನಗೆ ಹೇಳಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿದ್ರಿ."

"ಹೌದು, ಅಂತಿದ್ದೆ," ಅಂದರು.

ಸೋಫಾದ ಮೇಲೆ ಬಣ್ಣ ಹಚ್ಚುತ್ತಿದ್ದ ಮಗಳು ತಲೆ ಎತ್ತಿ, "ಅಮ್ಮಾ, ಯು ಹ್ಯಾಡ್ ಎ ಬಿಸಿನೆಸ್?" ಅಂದಳು, ಬಹಳ ಮೆಚ್ಚುಗೆಯಿಂದ.

"ಬಿಲ್ಡಿಂಗಿನವರಿಗೆಲ್ಲ ಹೇಳೋಣ ರೀ," ಅಂದೆ.

"ಏನಂತ? ನನ್ನ ಹೆಂಡತಿ ನನಗೆ ಗೊತ್ತಿಲ್ಲದ ಹಾಗೆ ಎಂಟು ಜನಕ್ಕೆ ಊಟ ಹಾಕ್ತಿದ್ಲು, ನಾನು ಹೊರಗಿನವನನ್ನ ಕಳ್ಳ ಅಂದೆ ಅಂತಲಾ?" ಅವರು ದನಿ ಏರಿಸಲಿಲ್ಲ. ಕನ್ನಡಕ ತೆಗೆದು ಬನಿಯನ್ನಿನ ತುದಿಯಲ್ಲಿ ಒರೆಸಿದರು. "ಆ ಮನುಷ್ಯನ ಮುಂದೆ ತಕ್ಕಡಿ ಇಟ್ಟವನು ನಾನು," ಅಂದರು ಆಮೇಲೆ. ಬೀರುವಿನ ಪ್ಯಾಕೆಟ್ ತಂದು ಮುಂದಿಟ್ಟರೆ ಮುಟ್ಟಲಿಲ್ಲ. "ನಿನ್ನದು, ಇಟ್ಕೋ" ಅಂದರು. ಆ ಮಾತು ಕೇಳಬೇಕು ಅಂತ ಎಷ್ಟೋ ವರ್ಷ ಆಸೆಪಟ್ಟಿದ್ದೆ. ಕೇಳಿದಾಗ ಎದ್ದು ಹೋಗಬೇಕೆನಿಸಿತು.

ಅವರು ಎರಡು ಸಂಜೆ ಸೀಬ್‌ನಲ್ಲಿ ಸುತ್ತಿ ಚಾಚಾನನ್ನು ಹುಡುಕಿದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಮುಂದಿನ ಸಿಲಿಂಡರನ್ನು ನಮ್ಮ ಮನೆಗೆ ಚಾಚಾನೇ ತಂದರು. ಬಾಗಿಲಲ್ಲಿ ನಿಂತು, "ಮೇಡಂ, ಒಳಗೆ ಬರಲಾ?" ಅಂದರು. ಕೂರಿಸಿದರು, ನೊರೆ ಹಚ್ಚಿ ನೋಡಿದರು, ಒಲೆ ಹಚ್ಚಿ ತೋರಿಸಿದರು. ನಾನು ನೀರು ಹಿಡಿದು ನಿಂತಿದ್ದೆ. ಬಾಯಾರಿಕೆ ಇಲ್ಲ ಅಂದರು. ಎರಡು ಮಹಡಿ ಹತ್ತಿ ಬಂದ ಮನುಷ್ಯ.

ಉಳಿದ ಐದು ಮನೆಗಳಿಗೆ ನಾನು ಹೇಳಬೇಕಿತ್ತು. ಮೊದಲು ಕೆಳಗಿನ ಅಕ್ಕನಿಗೆ ಹೇಳಿದೆ. ಅವರು ಬಂಗುಡೆ ಮೀನು ತೊಳೆಯುತ್ತಿದ್ದರು.

"ಹೌದಾ? ನೀವು ಊಟ ಮಾಡಿ ಕೊಡ್ತಾ ಇದ್ರಾ?" ಅಂದರು ಕೈ ನಿಲ್ಲಿಸಿ. "ನನಗೆ ಬೆಳಿಗ್ಗೆ ಒಗ್ಗರಣೆ ಪರಿಮಳ ಬರ್ತಿತ್ತು ಮಾರಾಯ್ರೆ. ಇಷ್ಟು ಯಾರಿಗೆ ಮಾಡುದು ಇವರು ಅಂತ ಗ್ರಹಿಸ್ತಿದ್ದೆ. ತಲೆಗೆ ಎಷ್ಟು ತಗೊಳ್ತಿದ್ರಿ?"

"ಅಕ್ಕ, ನಾನು ಹೇಳ್ತಿರೋದು ಚಾಚಾನ ವಿಷಯ. ಅವರದು ಏನೂ ತಪ್ಪಿರಲಿಲ್ಲ."

"ಅದು ಬಿಡಿ. ಆದದ್ದು ಆಯ್ತಲ್ಲ. ಏಜೆನ್ಸಿಯವರಾದ್ರೆ ಫೋನ್ ಮಾಡಿದ ಕೂಡ್ಲೇ ಬರ್ತಾರೆ. ಅವರ ಹಾರ್ನಿಗೆ ಕಾಯ್ತಾ ಕೂರುದು ಯಾರು?"

ನಾನು ಒತ್ತಾಯ ಮಾಡಲಿಲ್ಲ. ವಾರದೊಳಗೆ ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತು, ಆದರೆ ಹಬ್ಬಿದ್ದು ಮೆಸ್ಸಿನ ಸುದ್ದಿ ಮಾತ್ರ. ಎದುರು ಮನೆಯವರು, ಹುಟ್ಟುಹಬ್ಬಕ್ಕೆ ಇಪ್ಪತ್ತು ಜನಕ್ಕೆ ಪುಳಿಯೋಗರೆ ಮಾಡಿಕೊಡುತ್ತೀರಾ ಅಂತ ಬಂದು ಕೇಳಿದರು. ಚಾಚಾನ ಹೆಸರನ್ನು ಯಾರೂ ಎತ್ತಲಿಲ್ಲ. ಆಗಲಾದರೂ ನಾನು ಎತ್ತಬಹುದಿತ್ತು. ಬಾಗಿಲಲ್ಲಿ ನಿಂತು, ಆಗಲ್ಲ, ಕ್ಷಮಿಸಿ ಅಂದು ಕಳಿಸಿದೆ.

ಮರುವರ್ಷ ಯಜಮಾನರಿಗೆ ದೂರದ ಇಬ್ರಿ ಪಟ್ಟಣದ ಒಂದು ಪ್ರಾಜೆಕ್ಟಿಗೆ ವರ್ಗವಾಯಿತು. ಲಾರಿಗೆ ಸಾಮಾನು ತುಂಬುವ ದಿನದ ತನಕ ನಮ್ಮ ಕಟ್ಟಡದಲ್ಲಿ ಚಾಚಾ ಬರುತ್ತಿದ್ದದ್ದು ನಮ್ಮೊಂದು ಮನೆಗೆ. ನಾವು ಹೋದ ಮೇಲೆ ಅದೂ ಇರಲಿಕ್ಕಿಲ್ಲ. ಅಕ್ಕನ ಮನೆ ಬಿಟ್ಟರೆ ಇನ್ನು ನಾಲ್ಕು ಬಾಗಿಲು ಉಳಿದಿದ್ದವು, ನಮ್ಮ ಎದುರಿಗೆ ಒಂದು, ಕೆಳಗೆ ಮೂರು. ಇಡೀ ಒಂದು ವರ್ಷ ಆ ಮೆಟ್ಟಿಲಲ್ಲೇ ಹತ್ತಿ ಇಳಿದೆ. ಒಂದನ್ನೂ ತಟ್ಟಲಿಲ್ಲ.